ದಸರಾ ಆಹಾರ ಮೇಳದಲ್ಲಿ ರೊಟ್ಟಿ ಅಂಗಡಿ: ಅರ್ಜಿಯಿಂದ ಠೇವಣಿ ವಾಪಸ್ ಬರುವವರೆಗೆ

ಠೇವಣಿ ಹಣ ಮೊನ್ನೆ ಖಾತೆಗೆ ಬಂತು. ಅದು ಬರುವವರೆಗೆ ಏನೂ ಬರೆಯುವುದು ಬೇಡ ಅಂತ ಸುಮ್ನೆ ಇದ್ದೆ. ಈಗ ಲೆಕ್ಕ ಮುಗಿಯಿತು, ಕೈನೋವೂ ಇಳಿದಿದೆ. ಮೈಸೂರು ದಸರಾ ಆಹಾರ ಮೇಳದಲ್ಲಿ ಒಂದು ಮಳಿಗೆ ಹಾಕಬೇಕು ಅಂತ ಆಸೆ ಇರುವವರು ಬಹಳ ಜನ ಇದ್ದಾರೆ. ಅದರಲ್ಲೂ ನನ್ನ ಹಾಗೆ ಹೋಟೆಲ್ ಇಲ್ಲದೆ ಮನೆಯಲ್ಲೇ ಅಡುಗೆ ಮಾಡಿ ಮಾರುವವರಿಗೆ ಯಾರನ್ನು ಕೇಳಬೇಕು ಅಂತಲೇ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ನನ್ನ ತವರು ಬಾಗಲಕೋಟೆ ಜಿಲ್ಲೆ. ಮದುವೆಯಾಗಿ ಮೈಸೂರಿಗೆ ಬಂದು ಹದಿನಾರು ವರ್ಷವಾಯಿತು. ಕುವೆಂಪುನಗರದ ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಗೊತ್ತಿರುವ ಮನೆಗಳಿಗೆ ಕೊಡುತ್ತೇನೆ. ಪ್ರತಿ ವರ್ಷ ದಸರಾದಲ್ಲಿ ಮಕ್ಕಳ ಜೊತೆ ಆಹಾರ ಮೇಳಕ್ಕೆ ಹೋಗುವುದು, ಬೊಂಬು ಬಿರಿಯಾನಿಯ ಮುಂದಿನ ಸಾಲು ನೋಡಿ ಹೆದರುವುದು, ಬೇರೆ ಏನೋ ತಿಂದು ಮನೆಗೆ ಬರುವುದು. ಒಂದು ವರ್ಷ ಅಲ್ಲಿ ಜೋಳದ ರೊಟ್ಟಿ ಊಟ ಮಾಡಿದೆ. "ಇದಕ್ಕಿಂತ ನಾನೇ ಚೆನ್ನಾಗಿ ಮಾಡ್ತೀನಿ" ಅಂದೆ. ಯಜಮಾನರು ಕೈ ಒರೆಸಿಕೊಳ್ಳುತ್ತಾ "ಹಾಗಾದ್ರೆ ಮಾಡು" ಅಂದರು. ಶುರುವಾದದ್ದು ಇಷ್ಟಕ್ಕೆ.

ಮೊದಲನೆಯ ವಿಷಯ, ಪೇಪರ್ ನೋಡುತ್ತಿರಬೇಕು. ಮಳಿಗೆಗೆ ಅರ್ಜಿ ಕರೆದಿರುವ ಸುದ್ದಿ ಎರಡು ಇಂಚಿನಷ್ಟು ಬರುತ್ತದೆ, ಗಜಪಯಣದ ದೊಡ್ಡ ಫೋಟೋದ ಕೆಳಗೆಲ್ಲೋ. ಆನೆಗಳು ವೀರನಹೊಸಹಳ್ಳಿಯಿಂದ ಹೊರಟವು ಅಂತ ಸುದ್ದಿ ಬಂದ ದಿನದಿಂದ ನಾನು ದಿನಾ ಕನ್ನಡಕ ಹಾಕಿಕೊಂಡು ಒಳಪುಟ ಓದಿದೆ. ಮೇಳ ಎಲ್ಲಿ ಅನ್ನುವುದನ್ನೂ ನೋಡಿಕೊಳ್ಳಿ. ಹಿಂದೆ ಸ್ಕೌಟ್ಸ್ ಅಂಡ್ ಗೈಡ್ಸ್ ಮೈದಾನದಲ್ಲಿ ನಡೆಯುತ್ತಿತ್ತು, ನಾವು ಹಾಕಿದಾಗ ಮಹಾರಾಜ ಕಾಲೇಜು ಮೈದಾನ. ಬಾಡಿಗೆ, ಠೇವಣಿ, ನಿಯಮ ಎಲ್ಲ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹಾಗಾಗಿ ನಾನು ಕಟ್ಟಿದ ಮೊತ್ತ ಇಲ್ಲಿ ಬರೆಯುವುದಿಲ್ಲ. ಅದನ್ನೇ ನಂಬಿಕೊಂಡು ಬ್ಯಾಂಕಿಗೆ ಹೋದರೆ ನಿಮಗೇ ಕಷ್ಟ.

ಕಾಗದಪತ್ರ ಅಂದರೆ ನಮ್ಮಲ್ಲಿ ಕೇಳಿದ್ದು ಆಧಾರ್, ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಫ್‌ಎಸ್‌ಎಸ್‌ಎಐ ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ, ಆಮೇಲೆ ಅಡುಗೆ ಮಾಡುವವರ ಆರೋಗ್ಯ ಪ್ರಮಾಣಪತ್ರ. ಹೇಳಲು ಐದೇ. ಐದರಲ್ಲಿ ಮೂರಕ್ಕೆ ಒದ್ದಾಡಿದೆ.

ಎಫ್‌ಎಸ್‌ಎಸ್‌ಎಐ ಕಥೆ ಕೇಳಿ. ಏಜೆಂಟ್ ಒಬ್ಬ 2,500 ರೂಪಾಯಿ ಕೇಳಿದ. "ಮೇಡಂ, ನೀವೇ ಹೋದ್ರೆ ಮೂರು ತಿಂಗಳು ಓಡಾಡಿಸ್ತಾರೆ" ಅಂದ. ನಾನು ಹೆದರಿ ಅರ್ಧ ಹಣ ಕೊಡಲೂ ಸಿದ್ಧಳಾಗಿದ್ದೆ. ನಮ್ಮ ಮೇಲಿನ ಮನೆಯ ಇಂಜಿನಿಯರಿಂಗ್ ಓದುವ ಹುಡುಗಿ "ಆಂಟಿ, ಸ್ವಲ್ಪ ಇರಿ" ಅಂತ ಫಾಸ್ಕಾಸ್ ಅನ್ನೋ ಸರ್ಕಾರದ ವೆಬ್‌ಸೈಟು ತೆಗೆದಳು. ನಮ್ಮಂಥ ಸಣ್ಣವರಿಗೆ ಬೇಕಾದದ್ದು ಬೇಸಿಕ್ ನೋಂದಣಿ ಮಾತ್ರ. ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ. ಫೋಟೋ, ಆಧಾರ್ ಹಾಕಿದೆವು, ಹಣ ಕಟ್ಟಿದೆವು, ಎಂಟನೇ ದಿನಕ್ಕೆ 14 ಅಂಕಿಯ ನಂಬರ್ ಬಂತು. ಹುಡುಗಿಗೆ ಎರಡು ಡಜನ್ ಕಡಕ್ ರೊಟ್ಟಿ ಕೊಟ್ಟೆ. ಏಜೆಂಟ್ ಈಗಲೂ ಆಗಾಗ ಫೋನ್ ಮಾಡುತ್ತಾನೆ.

ಪಾಸ್‌ಬುಕ್ಕಿನದು ಬೇರೆ ಥರ. ನಮ್ಮ ಕಡೆ ಎಲ್ಲರಿಗೂ ಅಡ್ಡಹೆಸರು ಇರುತ್ತದೆ. ಮೈಸೂರು ಕಡೆ ಇನಿಷಿಯಲ್. ನನ್ನ ಬ್ಯಾಂಕ್ ಖಾತೆ ಮದುವೆಗೆ ಮುಂಚಿನದು, ಅದರಲ್ಲಿ ತವರಿನ ಅಡ್ಡಹೆಸರಿದೆ. ಆಧಾರ್ ಮಾಡಿಸಿದ್ದು ಇಲ್ಲಿ, ಅದರಲ್ಲಿ ಹೆಸರಿನ ಮುಂದೆ ಎರಡು ಅಕ್ಷರ. ಅರ್ಜಿ ತೆಗೆದುಕೊಂಡವರು ಏನೂ ಅನ್ನಲಿಲ್ಲ. ನಾನೂ ಜಾಣತನ ಮಾಡಿದೆ ಅಂದುಕೊಂಡು ಬಂದುಬಿಟ್ಟೆ. ಆ ಜಾಣತನದ ಫಲ ಆಮೇಲೆ ಹೇಳುತ್ತೇನೆ. ನೀವು ಮಾತ್ರ ಅರ್ಜಿ ಹಾಕುವ ಮುಂಚೆಯೇ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ.

ಇನ್ನು ಜನ. ನಾನೊಬ್ಬಳೇ ದಿನಕ್ಕೆ ಇನ್ನೂರು ಮುನ್ನೂರು ರೊಟ್ಟಿ ಬಡಿಯಲು ಆಗುವುದಿಲ್ಲ. ಊರಿಗೆ ಫೋನ್ ಮಾಡಿ ಚಿಗವ್ವನನ್ನು ಕರೆದೆ. ಚಿಗವ್ವ ಅಂದರೆ ನಮ್ಮವ್ವನ ತಂಗಿ, ಅರವತ್ತು ದಾಟಿದೆ. ಅವಳು ರೊಟ್ಟಿ ಬಡಿದರೆ ಅಂಚು ಎಲ್ಲೂ ಸೀಳುವುದಿಲ್ಲ, ಎತ್ತಿ ಹಿಡಿದರೆ ದೀಪದ ಬೆಳಕು ಕಾಣಬೇಕು, ಅಷ್ಟು ತೆಳು.

"ಆನಿ ನೋಡಾಕ ಬಂದವ್ರು ರೊಟ್ಟಿ ತಿಂತಾರೇನಬೇ?" ಅಂದಳು.

ಅವಳನ್ನು ಒಪ್ಪಿಸಲು ನನ್ನ ಮಗ ಫೋನ್ ಕಿತ್ತುಕೊಂಡು ಸ್ಕೂಲಿನಲ್ಲಿ ಓದಿದ್ದೆಲ್ಲ ಹೇಳಿದ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ್ದು, ಅಂಬಾರಿ 750 ಕೆ.ಜಿ., ಅರಮನೆಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಚಿಗವ್ವ ಎಲ್ಲ ಕೇಳಿ, "ಒಂದ ಲಕ್ಷ ಬಲ್ಬಿಗೆ ಕರೆಂಟ್ ಬಿಲ್ಲ ಯಾರ ಕಟ್ಟತಾರ?" ಅಂದಳು. ಮಗನಿಗೆ ಉತ್ತರ ಗೊತ್ತಿರಲಿಲ್ಲ. ಅದನ್ನು ತಿಳಿದುಕೊಳ್ಳುವುದಕ್ಕಾದರೂ ಬರುತ್ತೇನೆ ಅಂದಳು.

ಸೊಸೆಯನ್ನು ಕಟ್ಟಿಕೊಂಡು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬಂದಳು. ಇಬ್ಬರ ಜೊತೆ ಬಂದ ಸಾಮಾನು ನೋಡಿ ಯಜಮಾನರು ಆಟೋ ಬಿಟ್ಟು ಲಗೇಜ್ ಗಾಡಿ ಹುಡುಕಿದರು. ಎರಡು ಚೀಲ ಬಿಳಿಜೋಳ, ಎರಡು ಹಂಚು, ಗುರೆಳ್ಳು, ಅಗಸಿ, ಒಂದು ಡಬ್ಬಿ ರಂಜಕ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿ. ಜೋಳವನ್ನು ಹಿಟ್ಟು ಮಾಡಿಸದೆ ಕಾಳಾಗಿಯೇ ತಂದದ್ದು ಬುದ್ಧಿವಂತಿಕೆ. ಬೀಸಿ ಹದಿನೈದು ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ಒಡೆಯುತ್ತದೆ. ಮೂರು ದಿನಕ್ಕೊಮ್ಮೆ ಇಲ್ಲೇ ಬೀಸಿಸಿದರಾಯಿತು ಅಂದುಕೊಂಡೆವು. ಆದರೆ ಮೈಸೂರಿನ ಗಿರಣಿಯಲ್ಲಿ ಬೀಸುವುದು ರಾಗಿ. ಮೊದಲ ಸಲ ಬಂದ ಹಿಟ್ಟು ಬೂದಿ ಬಣ್ಣ. ಚಿಗವ್ವ ಚೀಲದೊಳಗೆ ಕೈ ಹಾಕಿ, ಬೆರಳು ತಿಕ್ಕಿ ನೋಡಿ, ಏನೂ ಮಾತಾಡದೆ ವಾಪಸ್ ಕಟ್ಟಿಟ್ಟಳು. ಮಾರನೇ ದಿನ ಗಿರಣಿಯವರಿಗೆ ಹೇಳಿ, ಮೊದಲು ಎರಡು ಸೇರು ಜೋಳ ಹಾಕಿ ಕಲ್ಲು ಸ್ವಚ್ಛ ಮಾಡಿಸಿ, ಆಮೇಲೆ ನಮ್ಮದು ಹಾಕಿಸಿದೆ. ಆ ಎರಡು ಸೇರಿನ ಹಿಟ್ಟು ನಮ್ಮ ಮನೆಯ ಮುದ್ದೆಗೆ ಹೋಯಿತು.

ಆರೋಗ್ಯ ಪ್ರಮಾಣಪತ್ರಕ್ಕೆ ಅರ್ಧ ದಿನ ಆಸ್ಪತ್ರೆಯ ಬೆಂಚು. ಮೂವರೂ ಖುದ್ದಾಗಿ ಹೋಗಬೇಕು, ಹಾಗಾಗಿ ಊರಿಂದ ಬರುವವರನ್ನು ಎರಡು ದಿನ ಮುಂಚೆಯೇ ಕರೆಸಿಕೊಳ್ಳಿ. ಡಾಕ್ಟರು ಚಿಗವ್ವನ ಅಂಗೈ ನೋಡಿ, "ಇದೇನಮ್ಮ, ಚರ್ಮದ ತೊಂದರೆ ಏನಾದ್ರೂ ಇದೆಯಾ?" ಅಂದರು. ನಲವತ್ತೈದು ವರ್ಷ ಕುದಿ ನೀರಿನಲ್ಲಿ ಹಿಟ್ಟು ನಾದಿ, ಹಂಚಿನ ಮೇಲೆ ಬರಿಗೈಲಿ ರೊಟ್ಟಿ ತಿರುವಿದ ಕೈ ಅದು. "ತೊಂದ್ರಿ ಏನಿಲ್ರೀ ಸಾಹೇಬ್ರ, ರೊಟ್ಟಿ ಆಗ್ಯಾವ" ಅಂದಳು. ಡಾಕ್ಟರು ನಕ್ಕು ಸಹಿ ಹಾಕಿದರು.

ಗ್ಯಾಸಿನ ವಿಷಯ ಒಂದು ಮಾತು. ಮನೆಯ ಕೆಂಪು ಸಿಲಿಂಡರ್ ತೆಗೆದುಕೊಂಡು ಹೋಗುವ ಯೋಚನೆ ಬೇಡವೇ ಬೇಡ. ವ್ಯಾಪಾರಕ್ಕೆ 19 ಕೆ.ಜಿ.ಯ ನೀಲಿ ಸಿಲಿಂಡರೇ ಆಗಬೇಕು. ನಮಗೆ ಎರಡು ದಿನಕ್ಕೆ ಒಂದರಂತೆ ಐದು ಬೇಕಾದವು, ಒಂದೊಂದಕ್ಕೂ ಆಗ 1,700ರ ಮೇಲೆ. ಬೆಂಕಿ ಆರಿಸುವ ಸಿಲಿಂಡರ್ ಒಂದು, ಮರಳು ತುಂಬಿದ ಬಕೆಟ್ ಒಂದು ಇಟ್ಟುಕೊಂಡೆವು. ತಟ್ಟೆ ಅಡಿಕೆ ಹಾಳೆಯದು. ಪ್ಲಾಸ್ಟಿಕ್ ತಟ್ಟೆ, ಲೋಟ, ಚೀಲಗಳನ್ನು ಕರ್ನಾಟಕದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ, ಮೇಳದಲ್ಲಿ ಅದನ್ನು ನಿಜವಾಗಿಯೂ ನೋಡುತ್ತಾರೆ. ಹಾಳೆ ತಟ್ಟೆಯನ್ನು ದಸರಾಕ್ಕೆ ಒಂದು ತಿಂಗಳ ಮುಂಚೆ ಕೊಂಡಿಡಿ. ಆಮೇಲೆ ರೇಟು ಏರುತ್ತದೆ, ಸಿಗುವುದೂ ಕಷ್ಟ.

ಈಗ ಬೋರ್ಡಿನ ಕಥೆಗೆ ಬರುತ್ತೇನೆ. ಈ ಇಡೀ ಪ್ರಕರಣದಲ್ಲಿ ನನಗೆ ಅಳು ಬಂದದ್ದು ಅಲ್ಲೇ.

ಮಳಿಗೆಯ ಮುಂದೆ ಕಟ್ಟುವುದಕ್ಕೆ ಒಂದು ಫ್ಲೆಕ್ಸ್ ಬೇಕಿತ್ತು. ಸಮಯ ಇಲ್ಲ ಅಂತ ಫೋನಿನಲ್ಲೇ ಹೇಳಿದೆ. "ಉತ್ತರ ಕರ್ನಾಟಕದ ಊಟ, ದೊಡ್ಡ ಅಕ್ಷರ, ಇಂಗ್ಲಿಷಿನಲ್ಲೂ ಹಾಕಿ, ಟೂರಿಸ್ಟ್‌ಗಳು ಬರ್ತಾರೆ." ಹುಡುಗ "ಆಯ್ತು ಮೇಡಂ" ಅಂದ. ಮೇಳದ ಹಿಂದಿನ ರಾತ್ರಿ ಹತ್ತೂವರೆಗೆ ಫ್ಲೆಕ್ಸ್ ಬಂತು. ಯಜಮಾನರು ಏಣಿ ಹತ್ತಿ ಕಟ್ಟಿದರು. ದೂರ ನಿಂತು ನೋಡಿದೆ. ಮೇಲೆ ಸಣ್ಣಗೆ ಕನ್ನಡದಲ್ಲಿ ಸರಿಯಾಗಿಯೇ ಇದೆ. ಕೆಳಗೆ ಇಂಗ್ಲಿಷಿನಲ್ಲಿ ಮೊಳದುದ್ದದ ಅಕ್ಷರಗಳಲ್ಲಿ "ನಾರ್ತ್ ಇಂಡಿಯನ್ ಫುಡ್". ಪಕ್ಕದಲ್ಲಿ ಒಂದು ತಂದೂರಿ ರೋಟಿಯ ಚಿತ್ರ, ಮೇಲೆ ಬೆಣ್ಣೆ.

ಫೋನ್ ಮಾಡಿದರೆ ಹುಡುಗ, "ಮೇಡಂ, ಉತ್ತರ ಅಂದ್ರೆ ನಾರ್ತ್ ಅಲ್ವಾ?" ಅಂದ. ಹೌದು, ಅದೇನೋ ಸರಿ. ಬೇರೆ ಮಾಡಿಕೊಡಲು ಒಪ್ಪಿದ. ಆದರೆ ದಸರಾ ಸೀಸನ್ನು, ಊರಿನ ಸ್ವಾಗತ ಬೋರ್ಡೆಲ್ಲ ಅವನ ಮಷೀನಿನಲ್ಲೇ ಇತ್ತು. ಮೂರು ದಿನ ಆಗುತ್ತದೆ ಅಂದ. ನಾವು ಇಂಗ್ಲಿಷ್ ಅಕ್ಷರಗಳ ಮೇಲೆ ಬಿಳಿ ಕಾಗದ ಅಂಟಿಸಿದೆವು. ಹಸ್ತಾ ಮಳೆಯ ಕಾಲ. ಬೆಳಗಾಗುವುದರಲ್ಲಿ ಕಾಗದ ನೆನೆದು ಉದುರಿತ್ತು.

ಮೊದಲ ದಿನ ಬಂದವರಲ್ಲಿ ಅರ್ಧ ಜನ ಚೋಲೆ ಬಟೂರೆ ಕೇಳಿದರು. ಒಬ್ಬರು ಪನೀರ್ ಟಿಕ್ಕಾ. ಕನ್ನಡ ಓದಿಕೊಂಡು ಬಂದವರದು ಇನ್ನೊಂದು ಪ್ರಶ್ನೆ. "ಇದು ಯಾವ್ ಜೋಳ ಅಕ್ಕಾ, ಮುಸುಕಿನ ಜೋಳನಾ?" ಇಲ್ಲಿ ಜೋಳ ಅಂದರೆ ಬಹಳ ಜನರ ತಲೆಗೆ ಬರುವುದು ಸುಟ್ಟು, ಉಪ್ಪು ಖಾರ ಹಚ್ಚಿ ಕೊಡುವ ತೆನೆ. ರೊಟ್ಟಿ ಅಂದರೆ ಅಕ್ಕಿರೊಟ್ಟಿ. ಎದುರು ಸಾಲಿನಲ್ಲಿ ಮಂಗಳೂರಿನವರ ಕೋರಿ ರೊಟ್ಟಿ, ಅದರ ಆಚೆ ಕೊಡವರ ಅಕ್ಕಿ ಒಟ್ಟಿ. ಒಂದೇ ಹೆಸರಿನ ನಾಲ್ಕು ತಿಂಡಿಗಳ ನಡುವೆ ನಮ್ಮದು ಯಾವುದು ಅಂತ ಹೇಳುವುದರಲ್ಲೇ ನನ್ನ ಗಂಟಲು ಹೋಯಿತು. ಮೊದಲ ದಿನ 38 ಊಟ. ಎರಡನೇ ದಿನ ಮಳೆ, 31. ಐವತ್ತು ಬದನೆಕಾಯಿ ಎಣಗಾಯಿ ಉಳಿಯಿತು. ಅದನ್ನು ಸ್ವಯಂಸೇವಕ ಹುಡುಗರಿಗೆ ಕೊಟ್ಟೆವು.

ಆ ರಾತ್ರಿ ನಾನು ಪಾತ್ರೆ ತೊಳೆಯುತ್ತಾ ಅತ್ತೆ. ಕಟ್ಟಿದ ದುಡ್ಡು, ಊರಿಂದ ಕರೆಸಿದ ಜನ, ಎಲ್ಲ ನೆನಪಾಯಿತು. ಚಿಗವ್ವ ಸಮಾಧಾನ ಮಾಡಲಿಲ್ಲ. "ನಾಳಿ ನನ್ನ ಹಲಗಿ ಮುಂದ ಹಾಕ್ರಿ" ಅಂದಳು, ಅಷ್ಟೇ.

ಮಳಿಗೆಯಲ್ಲಿ ಅಡುಗೆ ಹಿಂದೆ, ಮಾರಾಟ ಮುಂದೆ. ಎಲ್ಲರೂ ಹಾಗೇ ಮಾಡುತ್ತಾರೆ. ನಾವು ಒಲೆಯನ್ನು ಹಿಂದೆಯೇ ಬಿಟ್ಟು, ರೊಟ್ಟಿ ಬಡಿಯುವ ಹಲಗೆಯನ್ನು ಮಾತ್ರ ಮುಂದಿನ ಮೇಜಿನ ಮೇಲೆ ತಂದೆವು. ಮೂರನೇ ದಿನ ಸಂಜೆ ಐದಕ್ಕೆ ಚಿಗವ್ವ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಎಸರು ಹಾಕಿದ ಹಿಟ್ಟು ಹೊಗೆಯಾಡುತ್ತಿತ್ತು. ಅದನ್ನು ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದಿ, ಉಂಡೆ ಮಾಡಿ, ಒಣಹಿಟ್ಟಿನ ಮೇಲಿಟ್ಟು ಬಡಿಯಲು ಶುರು ಮಾಡಿದಳು. ಪಟ ಪಟ ಪಟ. ಒಂದು ಕೈ ಬಡಿಯುತ್ತದೆ, ಇನ್ನೊಂದು ಕೈ ಅಂಚು ಕಾಯುತ್ತದೆ, ರೊಟ್ಟಿ ತಾನೇ ತಿರುಗುತ್ತದೆ. ತಟ್ಟೆಯಗಲ ಆದಮೇಲೆ ಎರಡೂ ಅಂಗೈ ಮೇಲೆ ಎತ್ತಿ ಹಿಂದೆ ಸೊಸೆಗೆ ದಾಟಿಸಿದಳು. ಹಂಚಿನ ಮೇಲೆ ನೀರು ಸವರಿದ ಬಟ್ಟೆ ಚುರ್ ಅಂದಿತು. ರೊಟ್ಟಿ ಉಬ್ಬಿತು.

ಹತ್ತು ನಿಮಿಷಕ್ಕೆ ಮುಂದೆ ಜನ. ಅರ್ಧ ಜನ ಮೊಬೈಲ್ ಹಿಡಿದು ವಿಡಿಯೋ ಮಾಡುವವರು. ನೋಡುತ್ತಾ ನಿಂತವರಿಗೆ ವಾಸನೆ ಬರುತ್ತದೆ, ವಾಸನೆ ಬಂದಮೇಲೆ ಹಸಿವಾಗುತ್ತದೆ. ಬೋರ್ಡು ಏನು ಹೇಳಿದರೇನು. ಆ ದಿನ 140 ಊಟ. ಹೊಸ ಬೋರ್ಡು ಬಂದಾಗ ಅದನ್ನು ಯಾರೂ ನೋಡಲೇ ಇಲ್ಲ.

ಇಲ್ಲಿಂದ ಮುಂದೆ ಒಂದು ಬುದ್ಧಿಮಾತು. ಊಟ ಅಂತ ದೊಡ್ಡ ತಟ್ಟೆ ಮಾತ್ರ ಇಡಬೇಡಿ. ಮೇಳಕ್ಕೆ ಬರುವವರು ಐದಾರು ಕಡೆ ರುಚಿ ನೋಡಲು ಬರುತ್ತಾರೆ, ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ನಾವು ನಾಲ್ಕನೇ ದಿನದಿಂದ ಎರಡು ರೊಟ್ಟಿ, ಎಣಗಾಯಿ, ಮಡಕಿಕಾಳು, ಚಟ್ನಿ, ಮೊಸರಿನ 100 ರೂಪಾಯಿ ಊಟದ ಜೊತೆ, ಒಂದು ರೊಟ್ಟಿ ಮತ್ತು ಪಲ್ಯವನ್ನು 50ಕ್ಕೆ ಕೊಟ್ಟೆವು. ಅದೇ ಜಾಸ್ತಿ ಹೋಯಿತು. ಒಂದು ಕೆ.ಜಿ. ಹಿಟ್ಟಿಗೆ 14ರಿಂದ 15 ರೊಟ್ಟಿ ಲೆಕ್ಕ ಇಟ್ಟುಕೊಳ್ಳಿ. ಚಿಲ್ಲರೆ ಇಟ್ಟುಕೊಳ್ಳಿ. ಸಂಜೆ ಏಳರ ಮೇಲೆ ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ಸಿಗುವುದಿಲ್ಲ, ಫೋನ್‌ಪೇ ಸುತ್ತುತ್ತಲೇ ಇರುತ್ತದೆ, ಹಿಂದಿನವರು ಗೊಣಗುತ್ತಾರೆ. "ಆಮೇಲೆ ಕಳಿಸ್ತೀನಿ" ಅಂದವರಲ್ಲಿ ಇಬ್ಬರು ನಿಜವಾಗಿ ಕಳಿಸಿದರು.

ತರಕಾರಿಗೆ ಬೆಳಗಿನ ಜಾವ ಎಂ.ಜಿ. ರಸ್ತೆಯ ಮಾರುಕಟ್ಟೆ. ಒಂದು ದಿನ ಚಿಗವ್ವನನ್ನೂ ಕರೆದುಕೊಂಡು ಹೋದೆ. ಈರನಗೆರೆ ಬದನೆ ಅಂದರೆ ಮೈಸೂರಿನವರಿಗೆ ಹೆಮ್ಮೆ, ತೋರಿಸಿದೆ. "ಹಸರ ಬದನಿಕಾಯಿ ಎಣಗಾಯಿ ಮಾಡಿದ್ರ ಊರಾಗ ನಗತಾರ" ಅಂತ ಕೈಗೂ ತೆಗೆದುಕೊಳ್ಳಲಿಲ್ಲ. ಐದನೇ ದಿನ ನೇರಳೆ ಬಣ್ಣದ ಸಣ್ಣ ಬದನೆ ಸಿಗಲಿಲ್ಲ. ಹಸಿರಿನದ್ದರಲ್ಲೇ ಮಾಡಬೇಕಾಯಿತು. ಬೇಗ ಬೆಂದಿತು, ಮೆತ್ತಗಿತ್ತು, ಎಣ್ಣೆ ಚೆನ್ನಾಗಿ ಕುಡಿದಿತ್ತು. ರಾತ್ರಿ ಅವಳೇ ಎರಡು ಹಾಕಿಸಿಕೊಂಡಳು. ಊರಲ್ಲಿ ಹೇಳಬೇಡ ಅಂದಳು. ಹೇಳಿಲ್ಲ, ಬರೆದಿದ್ದೇನೆ ಅಷ್ಟೇ.

ನೆರೆಹೊರೆ ಬಗ್ಗೆ ಹೇಳಲೇಬೇಕು. ನಮ್ಮ ಎಡಕ್ಕೆ ಎಚ್.ಡಿ. ಕೋಟೆ ಕಡೆಯ ಆದಿವಾಸಿಗಳ ಮಳಿಗೆ. ಬೊಂಬು ಬಿರಿಯಾನಿ ಅವರದೇ. ಹಸಿ ಬಿದಿರಿನ ತುಂಡಿನೊಳಗೆ ಅಕ್ಕಿ, ಕೋಳಿ, ಮಸಾಲೆ ತುಂಬಿ, ಬಾಯಿಗೆ ಎಲೆ ತುರುಕಿ ಕೆಂಡದ ಮೇಲೆ ಸಾಲಾಗಿ ಇಡುತ್ತಾರೆ. ಬಿದಿರು ಹೊರಗೆ ಕಪ್ಪಾಗುತ್ತಾ ಬರುತ್ತದೆ. ಹದ ಬಂದಮೇಲೆ ಮಚ್ಚಿನಿಂದ ಸೀಳಿದರೆ ಒಳಗೆ ಹಬೆ. ಅದಕ್ಕೆ ಸಾಲು ಎಷ್ಟು ಉದ್ದ ಅಂದರೆ ನಮ್ಮ ಮಳಿಗೆಯ ಮುಂದೆ ಹಾದು ಹೋಗುತ್ತಿತ್ತು. ಬಲಕ್ಕೆ ಬೈಲಕುಪ್ಪೆಯಿಂದ ಬಂದ ಟಿಬೆಟನ್ ಹುಡುಗಿ, ಮೊಮೊ ಮಾರುವವಳು. ಎದುರಿಗೆ ಕಡಂಬುಟ್ಟು, ಪಂದಿಕರಿಯ ಕೊಡವ ದಂಪತಿ.

ಮೊದಮೊದಲು ಯಾರ ಜೊತೆಯೂ ನಮಗೆ ಸರಿ ಹೋಗಲಿಲ್ಲ. ಚಿಗವ್ವ ಮಾಂಸ ಮುಟ್ಟುವವಳಲ್ಲ. ಮೂರೂ ಕಡೆ ಮಾಂಸ. ಬಿದಿರಿನ ಹೊಗೆ ನೇರ ನಮ್ಮ ಹಿಟ್ಟಿಗೇ ಬರುತ್ತಿತ್ತು. "ನನ್ನ ಎಲ್ಲಿ ತಂದು ಕುಂಡ್ರಿಸಿದಿಬೇ" ಅಂತ ನನಗೆ ಬೈಗುಳ. ಅವರಿಗೂ ನಮ್ಮ ಮೇಲೆ ಸಿಟ್ಟು. ರೊಟ್ಟಿ ಬಡಿಯುವುದನ್ನು ನೋಡಲು ನಿಂತ ಜನ ಅವರ ಸಾಲು ಕೆಡಿಸುತ್ತಿದ್ದರು. ಮೊಮೊ ಹುಡುಗಿಯ ಗಿರಾಕಿಗಳು ನಮ್ಮ ಮೇಜಿನ ಮೇಲೆ ತಟ್ಟೆ ಬಿಟ್ಟು ಹೋಗುತ್ತಿದ್ದರು. ಒಂದು ಸಂಜೆ ಜೋರು ಜಗಳವೇ ಆಯಿತು. ಮಳಿಗೆ ಹಾಕುವವರು ಪಕ್ಕದಲ್ಲಿ ಯಾರು ಬರುತ್ತಾರೆ, ಗಾಳಿ ಯಾವ ಕಡೆಗೆ, ಮೊದಲೇ ನೋಡಿಕೊಂಡರೆ ಒಳ್ಳೆಯದು. ನೋಡಿಕೊಂಡು ಮಾಡುವುದು ಏನು ಅಂತ ಮಾತ್ರ ಕೇಳಬೇಡಿ. ನಮ್ಮಲ್ಲಿ ಚೀಟಿ ಎತ್ತಿದ್ದು.

ಜಗಳ ಮುಗಿಸಿದ್ದು ನೀರು. ಆರನೇ ದಿನ ಮಧ್ಯಾಹ್ನ ನಲ್ಲಿ ನಿಂತಿತು. ನಮ್ಮ ಹತ್ತಿರ ಎರಡು ಡ್ರಮ್ ತುಂಬಿತ್ತು, ಚಿಗವ್ವನ ಅಭ್ಯಾಸ ಅದು, ನಮ್ಮೂರಲ್ಲಿ ನೀರು ಬಂದಾಗ ತುಂಬಿಕೊಳ್ಳದೆ ಇದ್ದರೆ ಆಗುವುದಿಲ್ಲ. ಎಡಕ್ಕೆ ಒಂದು ಡ್ರಮ್ ಉರುಳಿಸಿದಳು, ಬಲಕ್ಕೆ ನಾಲ್ಕು ಕೊಡ. ಸಂಜೆಗೆ ಆ ಕಡೆಯಿಂದ ಒಂದು ಬಿದಿರು ಬಂತು, ಬರೀ ಅಕ್ಕಿ, ಉಪ್ಪು, ಎಲೆ ಹಾಕಿ ಬೇಯಿಸಿದ್ದು. ಜೊತೆಗೆ ಮಾಕಳಿ ಬೇರಿನ ಟೀ. ಈ ಕಡೆಯಿಂದ ಕೋಸಿನ ಮೊಮೊ. ಚಿಗವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಪಂಚಮಿ ಕುದಿಸಿದ ಕಡಬ ಐತಲ್ಲಬೇ! ಬೆಲ್ಲ ಹಾಕಾಕ ಮರತಾರ" ಅಂದಳು. ಕೋಟೆ ಕಡೆಯ ಹೆಂಗಸರ ಕನ್ನಡ ಅವಳಿಗೆ ಅರ್ಥವಾಗದು, ಇವಳದು ಅವರಿಗೆ ಆಗದು. ಎರಡೂ ಕನ್ನಡವೇ. ನಡುವೆ ನಿಂತು ಕನ್ನಡದಿಂದ ಕನ್ನಡಕ್ಕೆ ಹೇಳುವ ಕೆಲಸ ನನ್ನದು. ಮೊಮೊ ಹುಡುಗಿಯ ಮೈಸೂರು ಕನ್ನಡ ಮಾತ್ರ ಎಲ್ಲರಿಗಿಂತ ಸಲೀಸಾಗಿತ್ತು.

ಮುದ್ದೆ ತಿನ್ನುವ ಸ್ಪರ್ಧೆ ಇದ್ದ ದಿನ ನಮಗೆ ಒಳ್ಳೆಯ ವ್ಯಾಪಾರ. ಸೋತವರೂ ಬಂದು ರೊಟ್ಟಿ ತಿಂದರು.

ವಿಜಯದಶಮಿ ನಮ್ಮ ಕೊನೆಯ ದಿನ. ಆ ದಿನದ ಬಗ್ಗೆ ಗಮನವಿಟ್ಟು ಓದಿ. ಅರಮನೆ, ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ಎಲ್ಲ ಬ್ಯಾರಿಕೇಡ್. ಸುಮಾರು ಐದು ಕಿ.ಮೀ., ಬನ್ನಿಮಂಟಪದವರೆಗೆ. ಸಾಮಾನಿನ ಗಾಡಿ ಬೆಳಿಗ್ಗೆ ಬೇಗ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮ ಮೊಸರು ದಾರಿಯಲ್ಲೇ ಸಿಕ್ಕಿಹಾಕಿಕೊಂಡು ರಾತ್ರಿ ಎಂಟಕ್ಕೆ ಬಂತು, ಹುಳಿಯಾಗಿ. ಮಧ್ಯಾಹ್ನವೆಲ್ಲ ಮೈದಾನ ಖಾಲಿ, ಜನರೆಲ್ಲ ಆನೆ ನೋಡಲು ಹೋಗಿದ್ದರು. ಚಿಗವ್ವ ಜಂಬೂಸವಾರಿಯನ್ನು ನೋಡಿದ್ದು ಕೊಡವ ಅಣ್ಣನ ಮೊಬೈಲಿನಲ್ಲಿ. ಅಂಬಾರಿ ಹೊತ್ತ ಆನೆ ಹೆಜ್ಜೆ ಇಡುತ್ತಿದ್ದಾಗ, "ಕಾರಹುಣ್ಣಿವಿ ಎತ್ತಿನಂಗ ಬರಾಕತ್ತೈತಿ ನೋಡು" ಅಂತ ಪರದೆಗೇ ಕೈ ಮುಗಿದಳು.

ಆಮೇಲೆ ನನ್ನನ್ನು ಕೇಳಿದಳು, "ಬನ್ನಿ ಎಲ್ಲಿ?"

ನಮ್ಮ ಕಡೆ ಆ ದಿನ ಸಂಜೆ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳದಿದ್ದರೆ ಹಬ್ಬವೇ ಆಗುವುದಿಲ್ಲ. ಇಲ್ಲಿ ಗೊಂಬೆ ಕೂರಿಸುತ್ತಾರೆ, ಎಲೆ ಹಂಚುವ ಪದ್ಧತಿ ಕಾಣೆ. "ಬನ್ನಿಮಂಟಪ ಅಂತ ಹೆಸರಿಟ್ಟಾರ, ಬನ್ನಿ ಕೊಡಂಗಿಲ್ಲಂದ್ರ ಏನರ್ಥ?" ಅಂತ ಅವಳ ವಾದ. ಯಜಮಾನರು ನಡೆದೇ ದೇವರಾಜ ಮಾರುಕಟ್ಟೆ ಕಡೆ ಹೋಗಿ, ಹೂವಿನವರ ಹತ್ತಿರ ಬಾಡಿದ ಒಂದು ಟೊಂಗೆ ತಂದರು. ರಾತ್ರಿ ಹತ್ತಕ್ಕೆ, ಒಲೆ ಆರಿಸಿದ ಮೇಲೆ, ಚಿಗವ್ವ ಮಳಿಗೆ ಮಳಿಗೆಗೆ ಹೋದಳು. ಎಡಕ್ಕೆ, ಬಲಕ್ಕೆ, ಎದುರಿಗೆ, ಕಸ ಗುಡಿಸುತ್ತಿದ್ದವರಿಗೆ. ಎಲ್ಲರ ಕೈಗೂ ನಾಲ್ಕು ಎಲೆ. "ಬನ್ನಿ ತಗೊಂಡು ಬಂಗಾರದಂಗ ಇರೂಣ." ಮೊಮೊ ಹುಡುಗಿ ಅದನ್ನು ತಿನ್ನುವ ಸೊಪ್ಪು ಅಂದುಕೊಂಡು ಬಾಯಿಗೆ ಹಾಕಿಕೊಂಡಳು.

ಲೆಕ್ಕ ಹೇಳಿಬಿಡುತ್ತೇನೆ. ಬಾಡಿಗೆ, ಗ್ಯಾಸು, ತರಕಾರಿ, ತಟ್ಟೆ, ಎರಡು ಬೋರ್ಡು, ರೈಲಿನ ಟಿಕೆಟ್ಟು, ಎಲ್ಲ ಕಳೆದು ಉಳಿದದ್ದು 31,400. ಮೂವರು ಹಂಚಿಕೊಂಡೆವು. ಚಿಗವ್ವನ ಭುಜಕ್ಕೆ ಹಚ್ಚಿದ ಮುಲಾಮು ಅದರಲ್ಲಿ ಸೇರಿಲ್ಲ. ಮರುದಿನ ರಾತ್ರಿ ಅರಮನೆಯ ದೀಪ ನೋಡಲು ಹೋದೆವು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾವಲಿಗಿದ್ದ ಪೊಲೀಸಿನವರ ಹತ್ತಿರ ಹೋಗಿ ಕರೆಂಟ್ ಬಿಲ್ಲಿನ ವಿಷಯ ಕೇಳಿದಳು. ಅವರಿಗೂ ಗೊತ್ತಿರಲಿಲ್ಲ.

ಠೇವಣಿ ಮಾತ್ರ ತಡವಾಯಿತು, ನನ್ನದೇ ತಪ್ಪಿನಿಂದ. ಅರ್ಜಿಯಲ್ಲಿ ಇನಿಷಿಯಲ್, ಖಾತೆಯಲ್ಲಿ ಅಡ್ಡಹೆಸರು. ಹಣ ಹೋಗಿ ವಾಪಸ್ ಬಂದಿತ್ತು. ಬ್ಯಾಂಕಿಗೆ ಹೋಗಿ ಹೆಸರು ತಿದ್ದಿಸಲು ಮದುವೆ ನೋಂದಣಿ ಪತ್ರ ಬೇಕೆಂದರು. ನಮ್ಮ ಮದುವೆಯಾದದ್ದು ಬಾಗಲಕೋಟೆಯಲ್ಲಿ, ನೋಂದಣಿ ಮಾಡಿಸಿರಲೇ ಇಲ್ಲ. ಕೊನೆಗೆ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಮದುವೆ ಕಾರ್ಡು ಲಗತ್ತಿಸಿ, ನಾಲ್ಕು ಸಲ ಓಡಾಡಿದೆ. ನಾಲ್ಕನೇ ಸಲ ಆಯಿತು.

ಹಳೇ ಬೋರ್ಡನ್ನು ಎಸೆಯಲು ಹೊರಟಿದ್ದೆ, ಚಿಗವ್ವ ಬಿಡಲಿಲ್ಲ. ಗಟ್ಟಿ ಬಟ್ಟೆ, ದಂಡ ಮಾಡಬಾರದು ಅಂತ ಮಡಚಿ ಜೋಳದ ಖಾಲಿ ಚೀಲದಲ್ಲಿ ತುಂಬಿಕೊಂಡಳು. ಹೋದ ವಾರ ಅವಳ ಸೊಸೆ ಫೋಟೋ ಕಳಿಸಿದ್ದಾಳೆ. ಹೊಲದಲ್ಲಿ ಉಳ್ಳಾಗಡ್ಡಿ ರಾಶಿ. ಮಳೆ ಬೀಳದ ಹಾಗೆ ಮೇಲೆ ಹೊದಿಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟಿದ್ದಾರೆ. ಮೊಳದುದ್ದದ ಅಕ್ಷರ, ತಂದೂರಿ ರೋಟಿ, ಬೆಣ್ಣೆ. ದಾರಿಯಲ್ಲಿ ಹೋಗುವವರು ನಿಂತು ಊಟ ಎಷ್ಟಕ್ಕೆ ಅಂತ ಕೇಳುತ್ತಾರಂತೆ.